ಕಡಲಿಗೂ ಪಂಜರ

ಕೆರೆಯ ಮೀನು ಹರಾಜಾಗುವುದೆಂದರೇನು ಎಂಬುದನ್ನು ಸಾಸ್ವೆಹಳ್ಳಿ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಗುತ್ತಿಗೆ ಹಿಡಿದವನದೇ ನೀರು. ದಡದವನು ಗಾಳ ಹಾಕಿದರೆ ಕಳ್ಳ. ಈ ನ್ಯಾಯ ಕಡಲಿಗೂ ಇಳಿದೀತೆಂಬುದೇ ಕರಾವಳಿಯ ನಾಡದೋಣಿ ಮೀನುಗಾರರ ಆತಂಕ.

2007ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ವಿಶಾಖಪಟ್ಟಣದ ಕಡಲಲ್ಲಿ ತೇಲಿಬಿಟ್ಟ ಮೀನಿನ ಪಂಜರ ಮುಂದೆ ಕಾರವಾರಕ್ಕೂ ಬಂದಿತು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಅದಕ್ಕೆ ಸಹಾಯಧನ ಒದಗಿಸಿತು. ಇದರಿಂದ ಕಡಲಿನ ಮೇಲಿನ ಹೊರೆ ಇಳಿಯುತ್ತದೆಂಬುದು ಸಮರ್ಥನೆ. ಆದರೆ ಕೋಬಿಯಾ, ಸೀಬಾಸ್‌ಗಳು ಪಾಚಿ ತಿಂದು ಬದುಕುವ ಮೀನುಗಳಲ್ಲ. ಹಸಿ ಮೀನನ್ನೇ ಮೇವಾಗಿ ಕೊಟ್ಟರೆ, ಒಂದು ಕಿಲೋ ಬೆಳೆಯಲು ಹಲವು ಕಿಲೋ ಸಣ್ಣ ಮೀನು ಬೇಕು. ಕಾರ್ಖಾನೆಯ ಮೇವಿನೊಳಗೂ ಮೀನಿನ ಹಿಟ್ಟೇ ಇರುತ್ತದೆ. ಬಡವರ ತಟ್ಟೆಯ ಬೂತಾಯಿ ಹೀಗೆ ಹೋಟೆಲಿನ ದುಬಾರಿ ಮೀನಾಗಿ ಮಾರ್ಪಡುತ್ತದೆ. ಇದಕ್ಕೆ ಉತ್ಪಾದನೆಯೆಂದು ಹೆಸರು!

ಅಲೆಯ ಅಬ್ಬರವಿಲ್ಲದ ಜಾಗ ಪಂಜರಕ್ಕೆ ಬೇಕು. ಸಣ್ಣ ದೋಣಿಯವರಿಗೆ ಬೇಕಾದದ್ದೂ ಅದೇ. ಮಳೆಗಾಲದಲ್ಲಿ ಅವರು ಬಲೆ ಬಿಡುವುದೆಲ್ಲಿ?

1970ರ ದಶಕದಲ್ಲಿ ಪರ್ಸೀನ್ ಬಲೆಯೂ ಪ್ರಗತಿಯ ಹೆಸರಿನಲ್ಲಿಯೇ ಬಂದಿತ್ತು. ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಅದರೆದುರು ಉಳಿಯಲಿಲ್ಲ. ಆದ್ದರಿಂದ ಬಲೆ ಬೀಳುವ ಜಾಗಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಬೇಕು. ಸ್ಥಳೀಯ ಮೀನುಗಾರರ ಒಪ್ಪಿಗೆಯಿಲ್ಲದೆ ಒಂದು ಪಂಜರಕ್ಕೂ ಲಂಗರು ಹಾಕಗೊಡಬಾರದು.