ತಿಂಡಿ ಮಾರಿ ರೈಲು ಓಡಿಸುತ್ತಾರಾ? ಜಪಾನಿನ 6.4 ಕಿ.ಮೀ. ಮಾರ್ಗದ ಪೂರ್ತಿ ಕತೆ

“ಜಪಾನಿನಲ್ಲಿ ಒಂದು ರೈಲು ಕಂಪನಿ ತಿಂಡಿ ಮಾರಿ ಬದುಕುತ್ತಿದೆ” ಎಂದು ಯಾರಾದರೂ ಹೇಳಿದರೆ ಕಟ್ಟುಕತೆ ಅನ್ನಿಸುವುದು ಸಹಜ. ಬುಲೆಟ್ ರೈಲಿನ ದೇಶದಲ್ಲಿ ರೈಲಿನವರಿಗೆ ತಿಂಡಿ ಮಾರುವ ಗತಿ ಬಂತೇ? ಆದರೆ ಇದು ನಿಜ. ಆ ಕಂಪನಿಯ ಹೆಸರು ಚೋಶಿ ಎಲೆಕ್ಟ್ರಿಕ್ ರೈಲ್ವೆ. ಇಂತಹ ಕತೆಗಳು ಹಂಚಿಕೆಯಾಗುವಾಗ ಖುಷಿಯ ಭಾಗ ಮಾತ್ರ ಉಳಿದು, ಕಾರಣಗಳು ಉದುರಿಹೋಗುತ್ತವೆ. ಆ ಕಾರಣಗಳನ್ನು ನಾವಿಲ್ಲಿ ನೋಡೋಣ.

ಎಲ್ಲಿದೆ ಈ ರೈಲು?

ಟೋಕಿಯೊದ ಪೂರ್ವಕ್ಕೆ, ಚಿಬಾ ಪ್ರಾಂತ್ಯದ ತುದಿಯಲ್ಲಿ, ಟೋನೆ ನದಿ ಸಮುದ್ರ ಸೇರುವ ಜಾಗದಲ್ಲಿ ಚೋಶಿ ಪಟ್ಟಣವಿದೆ. ಮೀನುಗಾರಿಕೆ ಮತ್ತು ಸೋಯಾ ಸಾಸ್ ತಯಾರಿಕೆ ಇಲ್ಲಿನ ಹಳೆಯ ಕಸುಬುಗಳು. ಚೋಶಿಯಿಂದ ತೊಕಾವಾ ಎಂಬ ಊರಿನವರೆಗೆ 6.4 ಕಿ.ಮೀ. ಮಾರ್ಗ, 10 ನಿಲ್ದಾಣ. ಈ ತುದಿಯಿಂದ ಆ ತುದಿಗೆ ಸುಮಾರು 20 ನಿಮಿಷ. ಶಾಲಾ ಮಕ್ಕಳು, ವಯಸ್ಸಾದವರು, 1874ರ ಇನುಬೋಸಾಕಿ ದೀಪಸ್ತಂಭ ನೋಡಲು ಬರುವ ಪ್ರವಾಸಿಗರು ಇದರಲ್ಲಿ ಓಡಾಡುತ್ತಾರೆ.

ಹಳಿಯನ್ನೇ ಮಾರಿದ್ದರು!

ಈ ಮಾರ್ಗಕ್ಕೆ ಕಷ್ಟ ಹೊಸದಲ್ಲ. 1913ರಲ್ಲಿ ಇಲ್ಲಿ ಮೊದಲ ರೈಲು ಶುರುವಾಯಿತು. ನಾಲ್ಕೇ ವರ್ಷಕ್ಕೆ, 1917ರಲ್ಲಿ ಮುಚ್ಚಿತು. ಮೊದಲ ಮಹಾಯುದ್ಧದಿಂದ ಕಬ್ಬಿಣದ ಬೆಲೆ ಗಗನಕ್ಕೇರಿತ್ತು. ನಷ್ಟದಲ್ಲಿದ್ದ ಕಂಪನಿಗೆ ರೈಲು ಓಡಿಸುವುದಕ್ಕಿಂತ ಹಳಿ ಕಿತ್ತು ಮಾರುವುದೇ ಲಾಭವಾಗಿ ಕಂಡಿತು. 1923ರಲ್ಲಿ ಬೇರೊಂದು ಕಂಪನಿ ಮತ್ತೆ ಹಳಿ ಹಾಕಿ ರೈಲು ಓಡಿಸಿತು. 1925ರಲ್ಲಿ ವಿದ್ಯುತ್ ಬಂತು. ಈಗಿನ ಕಂಪನಿ 1948ರದ್ದು.

ಆಮೇಲೆ ರಸ್ತೆಗಳು ಬಂದವು, ಕಾರುಗಳು ಬಂದವು. ಊರಿನ ಜನಸಂಖ್ಯೆಯೂ ಇಳಿಯಿತು. 1960ರ ದಶಕದಲ್ಲಿ 90 ಸಾವಿರದಷ್ಟು ಇದ್ದದ್ದು 2020ರ ಹೊತ್ತಿಗೆ 60 ಸಾವಿರಕ್ಕಿಂತ ಕೆಳಗೆ ಬಂತು. ಜನವೇ ಕಡಿಮೆಯಾದ ಮೇಲೆ ಟಿಕೆಟ್ ಹಣ ಎಲ್ಲಿಂದ ಬರಬೇಕು?

ತಿಂಡಿ ಬಂದದ್ದು ಹೇಗೆ?

1995ರಲ್ಲಿ ಕಂಪನಿ ‘ನುರೆ ಸೆಂಬೆ’ ಮಾರಲು ಆರಂಭಿಸಿತು. ನೋಡಲು ನಮ್ಮ ನಿಪ್ಪಟ್ಟಿನಂತೆ ಗುಂಡಗಿರುವ ಅಕ್ಕಿ ತಿಂಡಿ. ಆದರೆ ಎಣ್ಣೆಯಲ್ಲಿ ಕರಿಯುವುದಿಲ್ಲ. ಸುಟ್ಟು, ಬಿಸಿಯಿರುವಾಗಲೇ ಸೋಯಾ ಸಾಸ್‌ನಲ್ಲಿ ಅದ್ದುತ್ತಾರೆ. ಹಾಗಾಗಿ ಗರಿಗರಿ ಇರದೆ ಮೆತ್ತಗಿರುತ್ತದೆ. ಸೋಯಾ ಸಾಸ್ ಊರಿಗೆ ಹೇಳಿಮಾಡಿಸಿದ ವ್ಯಾಪಾರ.

ನಿಜವಾದ ಪರೀಕ್ಷೆ ಎದುರಾದದ್ದು 2006ರಲ್ಲಿ. ಹಿಂದಿನ ಅಧ್ಯಕ್ಷರು ಹಣ ದುರ್ಬಳಕೆ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಕಂಪನಿಯ ಕೈ ಖಾಲಿಯಾಗಿತ್ತು. ನಮ್ಮಲ್ಲಿ ಬಸ್ಸು, ಲಾರಿಗಳಿಗೆ ಎಫ್‌ಸಿ ಮಾಡಿಸುವಂತೆ ಜಪಾನಿನಲ್ಲಿ ರೈಲುಗಳಿಗೂ ಕಾನೂನಿನ ಪ್ರಕಾರ ನಿಗದಿತ ತಪಾಸಣೆ ಆಗಬೇಕು. ಅದಕ್ಕೂ ದುಡ್ಡಿರಲಿಲ್ಲ. ತಪಾಸಣೆ ಆಗದ ರೈಲು ಹಳಿಗೆ ಇಳಿಯುವಂತಿಲ್ಲ. ಆ ನವೆಂಬರ್‌ನಲ್ಲಿ ಸಿಬ್ಬಂದಿ ತಮ್ಮ ವೆಬ್‌ಸೈಟಿನಲ್ಲಿ ನೇರವಾಗಿ ಕೇಳಿಕೊಂಡರು: ರಿಪೇರಿಗೆ ಹಣ ಬೇಕು, ದಯವಿಟ್ಟು ನಮ್ಮ ತಿಂಡಿ ಕೊಳ್ಳಿ. ಆ ಮನವಿ ಇಂಟರ್ನೆಟ್‌ನಲ್ಲಿ ಹಬ್ಬಿ, ದೇಶದ ನಾನಾ ಕಡೆಯಿಂದ ಆರ್ಡರ್‌ಗಳು ಬಂದವು. ರೈಲು ನಿಲ್ಲಲಿಲ್ಲ. ಅಂದರೆ ಈ ರೈಲನ್ನು ಉಳಿಸಿದ್ದರಲ್ಲಿ ಫಾರ್ವರ್ಡ್‌ನ ಪಾಲೂ ಇದೆ!

2018ರಲ್ಲಿ ‘ಮಜುಯಿ ಬೋ’ ಎಂಬ ಇನ್ನೊಂದು ತಿಂಡಿ ಬಂತು. ‘ಮಜುಯಿ’ ಎಂದರೆ ರುಚಿಯಿಲ್ಲದ್ದು ಎಂಬ ಅರ್ಥವೂ ಇದೆ, ಪರಿಸ್ಥಿತಿ ಕೆಟ್ಟಿದೆ ಎಂಬ ಅರ್ಥವೂ ಇದೆ. ಕೆಟ್ಟಿರುವುದು ತಿಂಡಿಯ ರುಚಿಯಲ್ಲ, ನಮ್ಮ ಲೆಕ್ಕಪತ್ರ ಎಂಬ ತಮಾಷೆ. ನಿಲ್ದಾಣಗಳಿಗೆ ಹೆಸರಿಡುವ ಹಕ್ಕನ್ನೂ ಕಂಪನಿ ಮಾರಾಟಕ್ಕಿಟ್ಟಿದೆ. ಇಂದು ಅದರ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಟಿಕೆಟ್‌ನಿಂದಲ್ಲ, ತಿಂಡಿಯಂತಹ ಪಕ್ಕದ ವ್ಯಾಪಾರದಿಂದ.

ಉದುರಿಹೋಗುವ ಭಾಗ ಯಾವುದು?

“ಜನರ ಪ್ರೀತಿಯೇ ರೈಲನ್ನು ಉಳಿಸಿತು” ಎಂದು ಕತೆ ಮುಗಿಸಿದರೆ ಕೇಳಲು ಚೆಂದ. ಆದರೆ ರೈಲಿನ ಖರ್ಚು ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಿ. ಬೋಗಿಯಲ್ಲಿ 5 ಜನ ಕೂತರೂ 50 ಜನ ಕೂತರೂ ಹಳಿ, ವಿದ್ಯುತ್ ತಂತಿ, ಸಿಗ್ನಲ್, ಚಾಲಕರ ಸಂಬಳದ ಖರ್ಚು ಹೆಚ್ಚುಕಡಿಮೆ ಒಂದೇ. ಜನ ಕಡಿಮೆಯಾದಂತೆ ಆದಾಯ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ. ಟಿಕೆಟ್ ದರ ಏರಿಸಿದರೆ ಇರುವ ಪ್ರಯಾಣಿಕರೂ ಕೈಬಿಡುತ್ತಾರೆ.

ಹಾಗಾಗಿ ಹೊಸ ಬೋಗಿ ಕೊಳ್ಳುವುದು ಕನಸಿನ ಮಾತು. 2010ರಲ್ಲಿ ಬಂದ ರೈಲುಗಳು ಮೊದಲು ಟೋಕಿಯೊದ ಕೇಯೋ ಕಂಪನಿಯಲ್ಲಿ, ಆಮೇಲೆ ಶಿಕೊಕು ದ್ವೀಪದ ಇಯೊ ರೈಲ್ವೆಯಲ್ಲಿ ದುಡಿದು, ಮೂರನೇ ಮನೆಯಾಗಿ ಚೋಶಿ ಸೇರಿದವು. 2014ರ ಜನವರಿಯಲ್ಲಿ ಒಂದು ರೈಲು ಹಳಿ ತಪ್ಪಿತು. ಅದರ ರಿಪೇರಿಗೆ ಹಣ ಕೂಡಿಸಲು ಮುಂದಾದವರು ಊರಿನ ಹೈಸ್ಕೂಲ್ ವಿದ್ಯಾರ್ಥಿಗಳು. ಅವರ ಉತ್ಸಾಹವನ್ನು ಮೆಚ್ಚಲೇಬೇಕು. ಆದರೆ ರೈಲು ಸುರಕ್ಷಿತವಾಗಿರಲು ಮಕ್ಕಳು ಚಂದಾ ಎತ್ತಬೇಕಾದ ಸ್ಥಿತಿ ಹೆಮ್ಮೆಯ ವಿಷಯವೇ?

ಕನಿಕರ ಒಮ್ಮೆ ಉಕ್ಕುತ್ತದೆ, ಆಮೇಲೆ ತಣ್ಣಗಾಗುತ್ತದೆ. ತಪಾಸಣೆಯ ದಿನಾಂಕ ಮಾತ್ರ ತಪ್ಪದೆ ಬರುತ್ತದೆ. ತಿಂಡಿಯ ಹಣ ಈ ಕಂಪನಿಗೆ ಉಸಿರಾಡಲು ಸಮಯ ಕೊಟ್ಟಿದೆ, ರೋಗ ವಾಸಿ ಮಾಡಿಲ್ಲ. ಕಾರು ಓಡಿಸಲಾಗದ ಅಜ್ಜ ಅಜ್ಜಿಯರಿಗೆ, ಶಾಲಾ ಮಕ್ಕಳಿಗೆ ಈ ರೈಲು ಬೇಕು. ಹಾಗಾದರೆ ಅದರ ಖರ್ಚನ್ನು ಯಾರು ಭರಿಸಬೇಕು: ಪ್ರಯಾಣಿಕರೋ, ಊರೋ, ಸರ್ಕಾರವೋ? ಈ ಕತೆ ನಿಮ್ಮ ಫೋನಿಗೆ ಬಂದರೆ ಖಂಡಿತ ಹಂಚಿಕೊಳ್ಳಿ, ಅದು ಸುಳ್ಳಲ್ಲ. ಜೊತೆಗೆ ಈ ಪ್ರಶ್ನೆಯನ್ನೂ ಸೇರಿಸಿ ಕಳಿಸಿ.