ಎಮ್ಮೆ ಈಯಿತು, ಕಸ ಬೀಳಲಿಲ್ಲ!

ಧಾರವಾಡದ ಪೇಢೆಗೆ ಊರೂರಲ್ಲಿ ಹೆಸರು. ಇಲ್ಲಿಯ ಧಾರವಾಡಿ ಎಮ್ಮೆಗೆ 2021ರಲ್ಲಿ ಸ್ವತಂತ್ರ ತಳಿ ಎಂಬ ಮುದ್ರೆಯೂ ಬಿತ್ತು. ಸಂತೋಷ. ಆದರೆ ಈದ ಮೇಲೆ ಆ ಎಮ್ಮೆಯ ಗತಿ ಏನು ಎಂದು ಕೇಳುವವರು ಯಾರು?

ಹಾಲಿನ ಕ್ಯಾನು ಹಿಡಿದು ಬೆಳಗಿನ ಬಸ್ಸು ಹತ್ತುವ ಯಾವ ಗೌಳಿಗರನ್ನಾದರೂ ಮಾತಾಡಿಸಿ ನೋಡಿ. "ಈದು ಐದು ತಿಂಗಳಾತ್ರೀ, ಇನ್ನೂ ಬೆದಿಗೆ ಬರವಲ್ದು" ಎಂಬುದೇ ರಾಗ. ಸ್ವಲ್ಪ ಕೆದಕಿದರೆ ನಿಜ ಹೊರಬೀಳುತ್ತದೆ. ಈಯುವಾಗ ತ್ರಾಸಾಗಿತ್ತು, ಕಸ ಬಿದ್ದಿರಲಿಲ್ಲ, ಓಣಿಯ ಯಾರೋ 'ತಿಳಿದವರು' ಕೈ ಹಾಕಿ ಎಳೆದು ತೆಗೆದಿದ್ದರು!

ಕೆಟ್ಟಿದ್ದು ಇಲ್ಲೇ. 12 ತಾಸಾದರೂ ಕಸ ತಾನಾಗಿ ಬೀಳದಿದ್ದರೆ ಡಾಕ್ಟರನ್ನು ಕರೆಯಬೇಕು. ಎಳೆದರೆ ತುಂಡು ಒಳಗೇ ಉಳಿಯುತ್ತದೆ, ಗರ್ಭಕೋಶದ ಒಳಪದರ ಹರಿಯುತ್ತದೆ, ಕೀವಾಗುತ್ತದೆ. ಜೋತುಬಿದ್ದ ಕಸಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟುವ ವೈದ್ಯವನ್ನಂತೂ ನಮ್ಮ ಜನ ಇನ್ನೂ ಬಿಟ್ಟಿಲ್ಲ.

ಎಮ್ಮೆಗೆ ಇನ್ನೊಂದು ಕಾಟ ಗರ್ಭಕೋಶದ ತಿರುಚು. ದಿನ ತುಂಬಿದ ಗರ್ಭಕೋಶ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಎಮ್ಮೆ ನೋವು ತಿನ್ನುತ್ತದೆ, ನೀರಚೀಲ ಮಾತ್ರ ಕಾಣಿಸುವುದಿಲ್ಲ. ಎಮ್ಮೆಯನ್ನು ಕೆಡವಿ, ಹೊಟ್ಟೆಯ ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಒಬ್ಬನನ್ನು ನಿಲ್ಲಿಸಿ, ಹೊರಳಿಸಿ ತಿರುಚು ಬಿಡಿಸುವ ವಿದ್ಯೆ ಪಶುವೈದ್ಯರಲ್ಲಿದೆ. ಯಾವ ಬದಿಗೆ ತಿರುಚಿದೆ ಎಂದು ಕೈಯಿಟ್ಟು ನೋಡದೆ ಹೊರಳಿಸಿದರೆ ಇನ್ನೂ ಬಿಗಿದುಕೊಂಡೀತು. "ನಾಳೆ ನೋಡೋಣ ತಗೋ" ಎಂದವರಿಗೆ ಕರುವೂ ಇಲ್ಲ, ಮುಂದಿನ ಗಬ್ಬವೂ ಅನುಮಾನ.

ಇನ್ನು ಬೆದೆ. ಆಕಳು ಕೂಗಿ ಓಣಿಗೆಲ್ಲ ಸಾರುತ್ತದೆ. ಎಮ್ಮೆ ಬಾಯಿ ಬಿಡುವುದೇ ಅಪರೂಪ. ಅದರ ಬೆದೆ ಹೆಚ್ಚಾಗಿ ರಾತ್ರಿ, ಇಲ್ಲವೆ ನಸುಕಿನಲ್ಲಿ. ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ, ಪದೇ ಪದೇ ಉಚ್ಚೆ, ಹಾಲಿನಲ್ಲಿ ಇಳಿತ, ಇಷ್ಟೇ ಗುರುತು. ಬೇಸಿಗೆಯಲ್ಲಿ ಅದೂ ಮಂಕು. ಲೋಳೆಯಲ್ಲಿ ಕೀವು ಕಂಡರೆ, ನಾತ ಬಂದರೆ ಒಳಗೆ ಸೋಂಕಿದೆ ಎಂದೇ ಲೆಕ್ಕ. ಅದನ್ನು ವಾಸಿ ಮಾಡಿಸದೆ ಕೃತಕ ಗರ್ಭಧಾರಣೆ ಮಾಡಿಸಿದರೆ ದುಡ್ಡು ದಂಡ.

ಅಂಗಡಿಕಾರರಿಗೆ ತಿಳಿಯುವ ಲೆಕ್ಕ ಹೀಗಿದೆ. ಎಮ್ಮೆ ಗಬ್ಬ ಹೊರುವುದು ಸುಮಾರು 310 ದಿನ. ಈದ ಮೂರು ತಿಂಗಳಲ್ಲಿ ಮತ್ತೆ ಗಬ್ಬವಾದರೆ 13-14 ತಿಂಗಳಿಗೊಂದು ಈತು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ನಾಲ್ಕು ತಪ್ಪಿದರೆ 84 ದಿನ. ದಿನಕ್ಕೆ 200 ರೂಪಾಯಿಯ ಹಿಂಡಿ-ಕಣಿಕಿ ಎಂದು ಹಿಡಿದರೂ 16,800 ರೂಪಾಯಿ. ಅದು ಕೊನೆಗೆ ಯಾವ ಕಿರಾಣಿ ಅಂಗಡಿಯ ಉದ್ರಿ ಖಾತೆಯಲ್ಲಿ ಕೂರುತ್ತದೆ ಎಂಬುದು ಆ ಅಂಗಡಿಯವರಿಗೇ ಗೊತ್ತು.

ಇನ್ನೊಂದು ಎಚ್ಚರ. ದಿನ ತುಂಬುವ ಮುಂಚೆ ಕಂದು ಹಾಕಿದ ಎಮ್ಮೆಯ ಕಸವನ್ನು ಬರಿಗೈಲಿ ಮುಟ್ಟಬಾರದು, ಅದರ ಹಸಿ ಹಾಲು ಕುಡಿಯಬಾರದು. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಹತ್ತುತ್ತದೆ. 4ರಿಂದ 8 ತಿಂಗಳ ಹೆಣ್ಣುಕರುವಿಗೆ ಒಮ್ಮೆ ಹಾಕುವ ಲಸಿಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಕಾರ್ಯಕ್ರಮಕ್ಕೆ ಸೇರಿಸಿದೆ.

ಸರ್ಕಾರವನ್ನೇ ಬೈದು ಕೂತರೆ ಆಗದು. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ಗಾಡಿ ಬರುವ ಏರ್ಪಾಡಿದೆ. ಆದರೆ ಎಮ್ಮೆ ಕಚೇರಿ ವೇಳೆ ನೋಡಿ ಈಯುವುದಿಲ್ಲವಲ್ಲ! ತಾಲೂಕಿಗೊಬ್ಬರಾದರೂ ರಾತ್ರಿ ಪಾಳಿಯ ಡಾಕ್ಟರು ಬೇಕೇ ಬೇಕು. ಹಾಲಿನ ಸಂಘಗಳದ್ದೂ ಕೆಲಸವಿದೆ. ದಿನಾ ಫ್ಯಾಟು ಅಳೆಯುವ ಮೇಜಿನ ಮೇಲೆ ಇನ್ನೊಂದು ಪುಸ್ತಕ ಇಡಲಿ. ಈದ ತಾರೀಖು, ಕಸ ಬಿದ್ದ ವೇಳೆ, ಬೆದೆ ಕಂಡ ದಿನ ಬರೆದಿಡಲಿ. ಈದು 40 ದಿನ ಕಳೆದ ಎಮ್ಮೆಗಳ ಪಟ್ಟಿ ತಿಂಗಳಿಗೊಮ್ಮೆ ಡಾಕ್ಟರ ಕೈ ಸೇರಲಿ, ತ್ರಾಸಪಟ್ಟು ಈದವುಗಳಿಗೆ ಕೆಂಪು ಶಾಯಿಯ ಗುರುತು ಬೀಳಲಿ. ಬರೆಯಲು ಬೇರೆ ಆಳು ಬೇಕಿಲ್ಲ. ಸಂಘಕ್ಕೊಬ್ಬ ಕಾರ್ಯದರ್ಶಿ ಇದ್ದೇ ಇದ್ದಾರೆ.