ಲೇಔಟ್ ಬೇಲಿಗೆ 'ಜೈವಿಕ' ಔಷಧಿ, ಪಕ್ಕದ ರೇಷ್ಮೆ ಮನೆಗೆ ಸುಣ್ಣಕಟ್ಟು ಭಯ

ದೇವನಹಳ್ಳಿ: ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಅಲ್ಲಿಂದೀಚೆಗೆ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಕಡೆ ಹಿಪ್ಪುನೇರಳೆ ತೋಟದ ಮಗ್ಗುಲಲ್ಲೇ ಲೇಔಟ್‌ಗಳು ಎದ್ದಿವೆ. ಲೇಔಟ್ ಅಂದ ಮೇಲೆ ಗೇಟು, ಪಾರ್ಕು, ಸಾಲಾಗಿ ದಾಸವಾಳದ ಬೇಲಿ ಇರಲೇಬೇಕು. ಆ ದಾಸವಾಳಕ್ಕೂ ಹಿಪ್ಪುನೇರಳೆಗೂ ಒಂದೇ ಶತ್ರು: ಹಿಟ್ಟು ತಿಗಣೆ.

ಬೇಲಿಯಲ್ಲಿ ಕುಡಿ ಮುದುಡಿಸೋ ಗುಲಾಬಿ ಹಿಟ್ಟು ತಿಗಣೆಯೇ ತೋಟದಲ್ಲಿ ಟುಕ್ರಾ ತರುತ್ತದೆ. ಇದರ ಮರಿಗಳು ಗಾಳಿಯಲ್ಲಿ ತೇಲಿ ಹೋಗುತ್ತವೆ, ಕಾಂಪೌಂಡ್ ಅಡ್ಡ ಬರಲ್ಲ. ಹೊಡೆದ ಔಷಧಿಯ ತುಂತುರೂ ಅದೇ ಗಾಳಿಯಲ್ಲಿ ಹೋಗುತ್ತೆ.

'ಪರಿಸರ ಸ್ನೇಹಿ' ಯಾರಿಗೆ?

ರಾಸಾಯನಿಕ ಬೇಡ ಅಂತ ಈಗ ಜೈವಿಕ ಔಷಧಿ ಹೊಡೆಸುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ರೇಷ್ಮೆ ಹುಳುವೂ ಒಂದು ಕೀಟ ಅನ್ನೋದನ್ನ ಮರೆಯುವಂತಿಲ್ಲ.

ಜೈವಿಕ ಔಷಧಿಯಾಗಿ ಮಾರಾಟವಾಗೋ ಬ್ಯುವೇರಿಯಾ ಬ್ಯಾಸಿಯಾನ ಅನ್ನೋ ಶಿಲೀಂಧ್ರವೇ ರೇಷ್ಮೆ ಹುಳುವಿಗೆ ಸುಣ್ಣಕಟ್ಟು ರೋಗ ತರುವುದು. ಇಟಲಿಯ ಅಗಸ್ಟಿನೊ ಬಾಸ್ಸಿ 1835ರಲ್ಲಿ ಈ ರೋಗಕ್ಕೆ ಕಾರಣ ತೋರಿಸಿದ್ದರಿಂದಲೇ ಶಿಲೀಂಧ್ರಕ್ಕೆ ಅವರ ಹೆಸರು ಬಂತು. ಮರಿಹುಳು ಕೊಲ್ಲೋ ಬಿಟಿ ಬ್ಯಾಕ್ಟೀರಿಯಾ ಮೊದಲು ಪತ್ತೆಯಾಗಿದ್ದೂ 1901ರಲ್ಲಿ, ಜಪಾನಿನ ಸತ್ತ ರೇಷ್ಮೆ ಹುಳುಗಳಲ್ಲಿ. ಬೇವಿನ ಅಜಾಡಿರಾಕ್ಟಿನ್ ಕೂಡ ಹುಳು ಪೊರೆ ಬಿಡೋದನ್ನ ಕೆಡಿಸುತ್ತದೆ.

ಮನುಷ್ಯರಿಗೆ, ಮಣ್ಣಿಗೆ ಕಡಿಮೆ ಅಪಾಯದ್ದು ರೇಷ್ಮೆ ಮನೆಗೆ ಸುರಕ್ಷಿತ ಅಂತೇನಿಲ್ಲ. ತಂಪು, ತೇವದ ದಿನಗಳಲ್ಲಿ ಸುಣ್ಣಕಟ್ಟು ಜೋರು. ಅದೂ ನಾಲ್ಕನೇ ಜ್ವರ ಎದ್ದ ಮೇಲೆ, ಸೊಪ್ಪು, ಕೂಲಿ ಎಲ್ಲಾ ಖರ್ಚಾದ ಮೇಲೆ ಹುಳು ಗಟ್ಟಿಯಾಗಿ ಬಿಳುಚಿದರೆ ವಿಜಯಪುರದ ಗೂಡು ಮಾರುಕಟ್ಟೆಗೆ ಒಯ್ಯೋಕೆ ಏನೂ ಉಳಿಯಲ್ಲ. ರೋಗ ಕಾಣೋ ಹೊತ್ತಿಗೆ ಕೆಲವು ದಿನ ಕಳೆದಿರುತ್ತೆ. ಹಾಗಾಗಿ ರೈತ ಮೊಟ್ಟೆಯನ್ನೋ ಚಾಕಿಯನ್ನೋ ದೂರುತ್ತಾನೆ, ಬೇಲಿ ಕಡೆ ನೋಡಲ್ಲ.

ಹೆಬ್ಬಾಳದ ಪಾಠ

ದಾರಿ ಇಲ್ಲವೆಂದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯ, ಹಿಪ್ಪುನೇರಳೆ, ದಾಸವಾಳವನ್ನೆಲ್ಲ ಹಾಳು ಮಾಡಿತ್ತು. ಮೈ ಮೇಲೆ ಮೇಣದ ಪುಡಿ ಇರೋದ್ರಿಂದ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಆಗ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆ (ಈಗಿನ ಎನ್‌ಬಿಎಐಆರ್) 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜ ತರಿಸಿ, ಸಾಕಿ, ಹೊಲಗಳಿಗೆ ಬಿಟ್ಟಿತು. ಸಾಸಿವೆಗಿಂತ ಸಣ್ಣ ಈ ಕಣಜ ತಿಗಣೆಯೊಳಗೆ ಮೊಟ್ಟೆ ಇಡುತ್ತದೆ, ಮರಿ ಅದನ್ನ ಒಳಗಿಂದ ತಿಂದು ಮುಗಿಸುತ್ತದೆ. ಪಿಡುಗು ಹತೋಟಿಗೆ ಬಂತು. ರೇಷ್ಮೆ ಹುಳುವಿನ ತಂಟೆಗೆ ಕಣಜ ಹೋಗಲ್ಲ.

ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೊಡೆಯೋ ಕೀಟನಾಶಕ ಮೊದಲು ಸಾಯಿಸೋದು ಇಂಥ ಕಣಜವನ್ನೇ. ಮೇಣದಡಿಯ ತಿಗಣೆ ಉಳಿದು ಮತ್ತೆ ಹೆಚ್ಚುತ್ತದೆ.

ಬೇಲಿಯವರು ಮಾಡಬಹುದಾದ್ದು

- ಮುದುಡಿದ ಕುಡಿ ಕತ್ತರಿಸಿ ಅಲ್ಲೇ ಎಸೆಯದೆ ಕವರ್‌ನಲ್ಲಿ ತುಂಬಿ ಸುಡಬೇಕು.
- ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ತಿಗಣೆ ಉದುರುತ್ತದೆ.
- ಇರುವೆ ತಡೆಯಬೇಕು. ಸಿಹಿ ಅಂಟಿನ ಆಸೆಗೆ ಅವು ತಿಗಣೆಯನ್ನ ಕಾಯುತ್ತವೆ.
- ಬಿಳಿ ಜೂಲಿನ ದೊಡ್ಡ ಹುಳು ಚುರುಕಾಗಿ ಓಡಾಡುತ್ತಿದ್ದರೆ ಸಾಯಿಸಬಾರದು. ಅದು ತಿಗಣೆ ತಿನ್ನೋ ಗುಲಗಂಜಿ ಹುಳುವಿನ ಮರಿ ಇರಬಹುದು.

ಇಷ್ಟಾದರೂ ಬಗ್ಗದಿದ್ದರೆ ರೋಗದ ಕುಡಿಯನ್ನ ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬಹುದು. ಏನೇ ಹೊಡೆಯೋದಿದ್ದರೂ ಡಬ್ಬಿ ಮೇಲಿನ ಹೆಸರು ಓದಿ, ಪಕ್ಕದ ತೋಟದವರಿಗೆ ಮೊದಲೇ ತಿಳಿಸಬೇಕು. ಮುಂಚೆ ಗೊತ್ತಾದರೆ ಅವರು ಬೇಲಿ ಕಡೆಯ ಸಾಲಿನ ಸೊಪ್ಪನ್ನಾದರೂ ಹುಳುವಿಗೆ ಹಾಕದೆ ಬಿಡ್ತಾರೆ.